ಪಗಾರ ನಿಂತರೆ ಊರೇ ನಿಂತೀತು!

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಅಕ್ಕಂದಿರೇ, ಅಣ್ಣಂದಿರೇ, ಹಿರಿಯರೇ!

ನಾಳೆ ಮುಂಜಾನೆ ಐದಕ್ಕೆ ಬಾಗಿಲು ತೆಗೆದು ನಿಮ್ಮ ಓಣಿ ನೋಡಿರಿ. ಸೆರಗನ್ನು ತಲೆಗೆ ಬಿಗಿದುಕೊಂಡ ಒಬ್ಬ ಅಕ್ಕ ಗಟಾರದ ಮುಂದೆ ಬಗ್ಗಿರುತ್ತಾಳೆ. ಬಲಗೈಗೆ ಹರಿದ ಗ್ಲೌಸು. ಎಡಗೈಗೆ ಹಾಲಿನ ಖಾಲಿ ಪಾಕೀಟು, ಅದರ ಮೇಲೊಂದು ರಬ್ಬರ್ ಬ್ಯಾಂಡು. ನಾವು ಬಿಸಾಡಿದ ಒಡೆದ ಗಾಜನ್ನು ಎತ್ತುವುದು ಆ ಕೈಯೇ! ಆ ಕೈಗೆ ದುಡಿದ ಪಗಾರ ಬರದಿದ್ದರೆ ನಮ್ಮ ಗಂಟಲಲ್ಲಿ ರೊಟ್ಟಿ ಹೇಗೆ ಇಳಿಯಬೇಕು?

ಪುರಸಭೆ, ಪಟ್ಟಣ ಪಂಚಾಯ್ತಿಯಲ್ಲಿ ಕೇಳಿದರೆ ಒಂದೇ ಉತ್ತರ: “ರೊಕ್ಕ ಇಲ್ಲ!”

ರೊಕ್ಕ ಇಲ್ಲದಾಗ ಮೊದಲ ಹೊಡೆತ ಯಾರ ಹೊಟ್ಟೆಗೆ? ಕಸ ಗುಡಿಸುವವರಿಗೆ. ಗಾಡಿ ಓಡಿಸುವವರಿಗೆ. ನಳಕ್ಕೆ ನೀರು ಬಿಡುವವರಿಗೆ. ಕಿರಾಣಿ ಅಂಗಡಿಯ ಉದ್ರಿ ಏರುತ್ತದೆ. ಮಗಳ ಫೀ ಬಾಕಿ ಉಳಿಯುತ್ತದೆ. ಕೈಗಡಕ್ಕೆ ಬಡ್ಡಿ ಬೆಳೆಯುತ್ತದೆ.

ಎರಡನೇ ಹೊಡೆತ ನಮಗೆ, ನಿಮಗೆ! ಆಳು ಕಡಿಮೆಯಾದರೆ ಗಟಾರ ತುಂಬುತ್ತದೆ. ಗಟಾರ ತುಂಬಿದರೆ ಸೊಳ್ಳೆ. ಸೊಳ್ಳೆ ಬಂದರೆ ಜಡ್ಡು. ಪಗಾರದಲ್ಲಿ ಉಳಿಸಿದ ರೊಕ್ಕವನ್ನು ನೀವು ದವಾಖಾನೆಯಲ್ಲಿ ಎಣಿಸಿ ಕೊಡುತ್ತೀರಿ!

700 ಜನರಿಗೆ ಒಬ್ಬ ಪೌರಕಾರ್ಮಿಕ. ಇದು ಸರ್ಕಾರವೇ ಹಾಕಿದ ಲೆಕ್ಕ. 2011ರ ಜನಗಣತಿಯಲ್ಲಿ ಬೈಲಹೊಂಗಲದಲ್ಲಿ ಸುಮಾರು 49 ಸಾವಿರ ಜನ. ಅಂದಿನ ಲೆಕ್ಕಕ್ಕೇ 70 ಮಂದಿ ಬೇಕು. ಊರು ಅಷ್ಟಕ್ಕೇ ನಿಂತಿದೆಯೇ? ನಿಮ್ಮ ವಾರ್ಡಿಗೆ ಎಷ್ಟು ಮಂದಿ ಬರುತ್ತಾರೆ, ನೀವೇ ಎಣಿಸಿರಿ!

ನೆನಪು ಮಾಡಿಕೊಳ್ಳಿರಿ. 2019ರ ಆಗಸ್ಟ್. ಮಲಪ್ರಭೆ ಉಕ್ಕಿ ರಾಮದುರ್ಗದ ಮನೆಗಳಿಗೆ ನುಗ್ಗಿತು. ನೀರು ಇಳಿದ ಮೇಲೆ ಬೀದಿಯ ಕೆಸರು ಬಳಿದವರು ಯಾರು? 2020ರಲ್ಲಿ ಕೊರೊನಾ ಬಂದಾಗ ನಾವು ಬಾಗಿಲು ಹಾಕಿಕೊಂಡು ಕುಳಿತೆವು. ಕಸದ ಗಾಡಿ ತಂದವರು ಯಾರು? ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಸವದತ್ತಿ ಹಾಯ್ದು ಹೋಗುತ್ತಾರೆ. ಕಿತ್ತೂರು ಉತ್ಸವಕ್ಕೆ ಊರೆಲ್ಲ ಜನವೋ ಜನ. ಮರುದಿನ ಬಾರಿಗೆ ಹಿಡಿಯುವವರು ಯಾರು?

ಅವರಿಗೆ ಯಾವುದೂ ಪುಕ್ಕಟೆ ಸಿಕ್ಕಿಲ್ಲ! 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಬಾರಿಗೆ ಕೆಳಗಿಟ್ಟು ಬೀದಿಗಿಳಿದರು. ಅದಾದ ಮೇಲೆಯೇ 11,133 ಮಂದಿಯನ್ನು ಕಾಯಂ ಮಾಡಲು ಸಚಿವ ಸಂಪುಟ ಒಪ್ಪಿತು. ಸಂಘ ಇತ್ತು, ಅದಕ್ಕೇ ಸಿಕ್ಕಿತು! ಆದರೆ ಹೊರಗುತ್ತಿಗೆಯ ಡ್ರೈವರು, ಲೋಡರು, ನೀರು ಸರಬರಾಜಿನವರು ಹೊರಗೇ ಉಳಿದರು. 2025ರ ಮೇ ಕೊನೆಗೆ ಪೌರ ನೌಕರರು ಮತ್ತೆ ಕೆಲಸ ನಿಲ್ಲಿಸಬೇಕಾಯಿತು.

ಕಸ ಎತ್ತಲಿಲ್ಲ ಎಂದು ಆಗ ನಿಮಗೆ ಸಿಟ್ಟು ಬಂತೇ? ಬರಲಿ! ನಾಲ್ಕು ದಿನ ಅವರಿಲ್ಲದಿದ್ದರೆ ಊರು ನಾರುತ್ತದೆ. ಅವರ ಬೆಲೆ ಏನೆಂದು ಇನ್ನು ಯಾರು ಹೇಳಬೇಕು?

ಈಗ ನಾವೇನು ಮಾಡೋಣ?

ಪುರಸಭೆ, ಪಟ್ಟಣ ಪಂಚಾಯ್ತಿಯ ಬಜೆಟ್ ಪೂರ್ವಭಾವಿ ಸಭೆಗೆ ಹೋಗೋಣ. ಓಣಿಗೆ ಹತ್ತು ಮಂದಿಯಾದರೂ ಹೋಗೋಣ! ಎದ್ದು ನಿಂತು ಮೂರು ಮಾತು ಕೇಳೋಣ:

ಪಗಾರದ ರೊಕ್ಕ ಮೊದಲು ಎತ್ತಿಡಿ, ಉಳಿದ ಖರ್ಚು ಆಮೇಲೆ!

ಖಾಲಿ ಹುದ್ದೆ ತುಂಬಿರಿ, ಹೊರಗುತ್ತಿಗೆಯವರನ್ನು ಕಾಯಂ ಮಾಡಿರಿ!

ಗ್ಲೌಸು, ಬೂಟು, ದವಾಖಾನೆ ಖರ್ಚು ಕೊಡಿರಿ!

ಮನೆ ಕರ ನಾವು ಕಟ್ಟೋಣ. ಏಪ್ರಿಲ್‌ನಲ್ಲೇ ಕಟ್ಟಿದರೆ ನೂರಕ್ಕೆ ಐದು ರಿಯಾಯಿತಿಯೂ ಉಂಟು. ಕಟ್ಟಿದ ರಸೀದಿ ಹಿಡಿದುಕೊಂಡೇ ಲೆಕ್ಕ ಕೇಳೋಣ! ಸಾಲದಿದ್ದರೆ ಅನುದಾನ ಕೊಡಿರೆಂದು ಸರ್ಕಾರವನ್ನೂ ಕೇಳೋಣ!

ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಗೆ ನಾವು ಹೂವು ಹಾಕುತ್ತೇವೆ. ಆ ಹೂವು ಬಾಡಿದ ಮೇಲೆ ಗುಡಿಸುವಾಕೆಯೂ ಚೆನ್ನಮ್ಮನ ಮಗಳೇ!

ಆಕೆ ದಿನಾ ನಿಮ್ಮ ಬಾಗಿಲಿಗೆ ಬರುತ್ತಾಳೆ. ಒಂದು ದಿನ ನೀವು ಆಕೆಯ ಜೊತೆ ಬನ್ನಿರಿ!

ನಾಲ್ಕೂ ಊರಿನ ಪೌರಕಾರ್ಮಿಕರು ಮತ್ತು ಓಣಿಯ ಜನ