ಅಡಿಗೆ ಬೇಯಿಸದ ಒಲೆ

ಹದ ಎಂಬ ಮಾತಿನ ಅರ್ಥವನ್ನು ನಮ್ಮ ಮನೆಗಳ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರು ಪಾಕಿನ ಎಳೆಪಾಕ ಒಂದು ನಿಮಿಷ ಮೀರಿದರೂ ಅದನ್ನು ತುಂಡರಿಸಲು ಅಡಕೊತ್ತು ಬೇಕಾದೀತೆಂದು ಅವರು ಬಲ್ಲರು. ಕುಂಬಾರನ ಆವಿಗೆಗೂ ಅದೇ ನಿಯಮ. ಬೆಂಕಿ ಸಮನಾಗಿ ಹರಡದಿದ್ದರೆ ಗಡಿಗೆಯ ಒಂದು ಮಗ್ಗುಲು ಸುಟ್ಟು, ಇನ್ನೊಂದು ಮಗ್ಗುಲು ಹಸಿಯಾಗಿಯೇ ಉಳಿಯುತ್ತದೆ. ಈ ಸಲ ನಾನು ಹೇಳಹೊರಟಿರುವ ಒಲೆಯಲ್ಲಿ ಪಾಕವೂ ಇಲ್ಲ, ಗಡಿಗೆಯೂ ಇಲ್ಲ. ವಿಮಾನದ ರೆಕ್ಕೆಯಂಥ ವಸ್ತುವನ್ನು ಹದಗೊಳಿಸುವ ಒಲೆ ಅದು; ಅದನ್ನು ನಾಸಿಕದ ಮನೆಯೊಂದರ ತಾರಸಿಯ ಮೇಲೆ ಕಟ್ಟಿದ ಬಗೆಯೇ ಇಂದಿನ ವಿಷಯ. ಬಿ.ಎ. ಓದಿ ಸರಕಾರಿ ಕಚೇರಿಯಲ್ಲಿ ಕಡತ ಕಟ್ಟುವ ಗುಮಾಸ್ತನಿಗೆ ಇದರ ಗೊಡವೆ ಏಕೆಂದು ವಾಚಕರು ಕೇಳಿಯಾರು. ಉತ್ತರ ಮುಂದೆ ತಾನಾಗಿ ಬರುತ್ತದೆ.

ಕಾಂಪೋಸಿಟ್ ಎಂಬುದು ಹೊಸ ಹೆಸರು, ಹಳೆಯ ಉಪಾಯ. ಎಳೆ ಎಳೆಯಾದ ಒಂದು ಪದಾರ್ಥವನ್ನು ಅಂಟಾದ ಇನ್ನೊಂದರಲ್ಲಿ ನೆನೆಸಿ ಒಣಗಿಸಿದರೆ, ಎರಡೂ ಸೇರಿ ಒಂದೊಂದಕ್ಕೂ ಇಲ್ಲದ ಬಲವನ್ನು ಪಡೆಯುತ್ತವೆ. ಗೋಡೆಯ ಮಣ್ಣಿಗೆ ಹುಲ್ಲು ಹಾಕಿ ತುಳಿಯುತ್ತಿದ್ದ ನಮ್ಮ ಅಜ್ಜಂದಿರು ಮಾಡಿದ್ದು ಇದನ್ನೇ. ೨೦೨೩ರವರೆಗೂ ಔರಂಗಾಬಾದೆಂದು ಕರೆಸಿಕೊಳ್ಳುತ್ತಿದ್ದ ಛತ್ರಪತಿ ಸಂಭಾಜಿನಗರದ ಕಡೆ ಹೋದವರು ಅಜಂತೆಯ ಚಿತ್ರಗಳನ್ನು ನೋಡಿಯೇ ಬರುತ್ತಾರೆ. ಆ ಚಿತ್ರಗಳ ಕೆಳಗಿರುವ ಮಣ್ಣಿನ ಗಿಲಾವಿನಲ್ಲಿ ಭತ್ತದ ಹೊಟ್ಟೂ ಸಸ್ಯದ ನಾರೂ ಸೇರಿವೆ. ನಮ್ಮ ರಾಷ್ಟ್ರಕೂಟರ ಕೈಲಾಸವಿರುವ ಎಲ್ಲೋರದ ಗುಹೆಗಳ ಗಿಲಾವಿನಲ್ಲಿ ಗಾಂಜಾ ಗಿಡದ ನಾರು ಬೆರೆತಿರುವುದನ್ನು ೨೦೧೬ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಿತು. ಈಗಿನ ಕಾಂಪೋಸಿಟ್‌ನಲ್ಲಿ ನಾರಿನ ಬದಲು ಗಾಜಿನ ಅಥವಾ ಇಂಗಾಲದ ಎಳೆಯ ಬಟ್ಟೆ, ಮಣ್ಣಿನ ಬದಲು ಎಪಾಕ್ಸಿ ಎಂಬ ರಾಳ. ವ್ಯತ್ಯಾಸ ಅಷ್ಟೇ.

ನಾಸಿಕದ ಕನ್ನಡಿಗರಿಗೆ ಈ ವಸ್ತು ಅಪರಿಚಿತವೇನೂ ಅಲ್ಲ. ೧೯೬೪ರಲ್ಲಿ ಮಿಗ್ ವಿಮಾನಗಳ ತಯಾರಿಕೆಗಾಗಿ ಓಝರಿನಲ್ಲಿ ಹಿಂದುಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆ ಬಂದಮೇಲೆ ಬೆಂಗಳೂರಿನಿಂದ ಸಂಸಾರ ಕಟ್ಟಿಕೊಂಡು ಇಲ್ಲಿಗೆ ಬಂದವರಿದ್ದಾರೆ. ೨೦೨೫ರ ಅಕ್ಟೋಬರ್ ೧೭ರಂದು ಅದೇ ಓಝರಿನಿಂದ ಇಲ್ಲಿ ತಯಾರಾದ ಮೊದಲ ತೇಜಸ್ ಮಾರ್ಕ್-೧ಎ ವಿಮಾನ ಮೇಲೇರಿದಾಗ ಆ ಹಿರಿಯರ ಮುಖದಲ್ಲಿ ಕಂಡ ಗೆಲುವನ್ನು ನಾವೆಲ್ಲ ಬಲ್ಲೆವು. ತೇಜಸ್‌ನ ಒಡಲಿನ ತೂಕದಲ್ಲಿ ಸುಮಾರು ನೂರಕ್ಕೆ ೪೫ರಷ್ಟು ಕಾಂಪೋಸಿಟ್. ಅಂಥ ಭಾಗಗಳು ಆಟೋಕ್ಲೇವ್ ಎಂಬ ಭಾರಿ ಉಕ್ಕಿನ ಕೊಳವೆಯೊಳಗೆ, ಸುಮಾರು ೧೮೦ ಡಿಗ್ರಿ ಶಾಖದಲ್ಲಿ, ವಾಯುಭಾರದ ಏಳರಷ್ಟು ಒತ್ತಡದಲ್ಲಿ ಹದಗೊಳ್ಳುತ್ತವೆ. ಹಾಗಾದರೆ ಮನೆಯಲ್ಲಿ ಇಂಥದೊಂದನ್ನು ಮಾಡುವ ಮಾತೇ ಹುಚ್ಚಲ್ಲವೇ?

ಅಷ್ಟು ಹುಚ್ಚಲ್ಲ. ರಾಳವನ್ನು ಶಾಖ ಮತ್ತು ಒತ್ತಡಗಳಿಂದ ಹದಗೊಳಿಸುವ ವಿದ್ಯೆಯ ಹುಟ್ಟೇ ಮನೆಯಂಗಳದಲ್ಲಿ ಆಯಿತು. ೧೯೦೭ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಎಂಬಾತ ಅಮೆರಿಕೆಯ ಯೋಂಕರ್ಸ್ ಊರಿನ ತನ್ನ ಮನೆಯ ಪ್ರಯೋಗಶಾಲೆಯಲ್ಲಿ ಬೇಕಲೈಟನ್ನು ಕಂಡುಹಿಡಿದ. ನಮ್ಮ ಹಳೆಯ ಮನೆಗಳ ಕಪ್ಪು ವಿದ್ಯುತ್ ಗುಂಡಿಗಳು ಅದರವೇ. ನಮ್ಮ ಬೆಂಗಳೂರಿನ ಮಾತಿಗೆ ಬಂದರೆ, ೧೯೮೦ರ ದಶಕದಲ್ಲಿ ಅಲ್ಲಿಯ ಎನ್.ಎ.ಎಲ್. ಸಂಸ್ಥೆ ಎಳೆ-ರಾಳದ ಪುಟ್ಟ ವಿಮಾನವೊಂದನ್ನು ಕಟ್ಟಿದಾಗ ಆಧಾರವಾಗಿ ತೆಗೆದುಕೊಂಡದ್ದು ಬರ್ಟ್ ರೂಟಾನ್ ಎಂಬ ಅಮೆರಿಕನ್ನನ ಲಾಂಗ್-ಈಝೀ ವಿಮಾನವನ್ನು; ಹವ್ಯಾಸಿಗಳು ಮನೆಯ ಗ್ಯಾರೇಜಿನಲ್ಲಿ ಕೈಯಾರೆ ಕಟ್ಟಿಕೊಳ್ಳಲೆಂದೇ ರಚಿಸಿದ ವಿಮಾನ ಅದು. ಆ ಅನುಭವದ ಬೆನ್ನಲ್ಲೇ, ಪೂರ್ತಿ ಕಾಂಪೋಸಿಟ್‌ನಿಂದಾದ ಎರಡು ಆಸನದ 'ಹಂಸ' ೧೯೯೩ರಲ್ಲಿ ಹಾರಿತು.

ರೂಟಾನ್ ಮಾದರಿಯ ವಿಮಾನಗಳಿಗೆ ಬಿಳಿಯ ಬಣ್ಣವನ್ನೇ ಬಳಿಯಬೇಕೆಂಬ ಕಟ್ಟುನಿಟ್ಟಿದೆ. ಅದು ಅಂದಕ್ಕಾಗಿ ಮಾಡಿದ ನಿಯಮವಲ್ಲ. ಒಲೆಯ ಹಂಗಿಲ್ಲದೆ, ಕೋಣೆಯ ಶಾಖದಲ್ಲಿಯೇ ಗಟ್ಟಿಯಾದ ಸಾಧಾರಣ ಎಪಾಕ್ಸಿ ೫೦-೬೦ ಡಿಗ್ರಿಯ ಸುಮಾರಿಗೆ ಮೆತ್ತಗಾಗತೊಡಗುತ್ತದೆ. ಕಪ್ಪು ಬಣ್ಣ ಬಿಸಿಲನ್ನು ಹೀರಿಕೊಂಡು ಆ ಮಟ್ಟವನ್ನು ಸುಲಭವಾಗಿ ದಾಟುತ್ತದೆ. ಗಟ್ಟಿಯಾದ ರಾಳವನ್ನು ಮತ್ತೆ ನಿಧಾನವಾಗಿ ಹೆಚ್ಚಿನ ಶಾಖಕ್ಕೆ ಏರಿಸಿ ಹಲವು ಗಂಟೆ ಇಟ್ಟರೆ, ಅದರೊಳಗೆ ಅರ್ಧಕ್ಕೆ ನಿಂತಿದ್ದ ಬೆಸುಗೆಗಳು ಪೂರ್ತಿಯಾಗಿ, ಮೆತ್ತಗಾಗುವ ಮಟ್ಟವೂ ಮೇಲೇರುತ್ತದೆ. ಒಲೆ ಬೇಕಾಗುವುದು ಇದಕ್ಕಾಗಿ.

ಈ ಪಾಠವನ್ನು ಮರಾಠವಾಡದ ಬಿಸಿಲು ನಮ್ಮ ಸಂಘದ ಹುಡುಗನೊಬ್ಬನಿಗೆ ಪುಸ್ತಕಕ್ಕಿಂತ ಮೊದಲೇ ಕಲಿಸಿತು. ಅವನು ಸಂಭಾಜಿನಗರದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಕಾಲೇಜಿನ ಸ್ಪರ್ಧೆಗೆಂದು ಗೆಳೆಯರೊಡನೆ ಸೇರಿ, ಪೈಲಟ್ ಇಲ್ಲದ ಪುಟ್ಟ ವಿಮಾನವೊಂದಕ್ಕೆ ಗಾಜಿನ ಎಳೆಯ ಟೊಳ್ಳು ರೆಕ್ಕೆ ಮಾಡಿದ್ದ. ಮೇ ತಿಂಗಳ ಮಧ್ಯಾಹ್ನ ಮುಚ್ಚಿದ ಕಾರಿನಲ್ಲಿ ಎರಡು ಗಂಟೆ ಉಳಿದ ಆ ರೆಕ್ಕೆ, ಹೊರಗೆ ತೆಗೆದಾಗ ಬಾಡಿದ ಬಾಳೆಯೆಲೆಯಂತೆ ಸೊಟ್ಟಗಾಗಿತ್ತು. ನಾಲ್ಕು ತಿಂಗಳ ದುಡಿಮೆ ಹೋಯಿತು. ಅದು ಕಾರಿನಲ್ಲಾದ್ದರಿಂದ ಪಾರಾದೆವು. ಹಾರುತ್ತಿದ್ದಾಗ ಮೆತ್ತಗಾಗಿದ್ದರೆ ಯಾರ ತಲೆಯ ಮೇಲೆ ಬೀಳುತ್ತಿತ್ತೋ.

ಹುಡುಗ ರಜೆಗೆ ನಾಸಿಕಕ್ಕೆ ಬಂದವನೇ ಅಡಿಗೆಮನೆಯ ವಿದ್ಯುತ್ ಒಲೆಯ ಮೇಲೆ ಕಣ್ಣು ಹಾಕಿದ.

"ಅಜ್ಜಿ, ನಿಮ್ಮ ಓವನ್ನಿನಲ್ಲಿ ಒಂದೇ ಒಂದು ಸಲ ಇಟ್ಟು ತೆಗೆಯುತ್ತೇನೆ."

"ಇಡಪ್ಪ. ನಾಳೆ ಅದರಲ್ಲೇ ಬಿಸ್ಕತ್ತು ಮಾಡಿ ಮೊದಲು ನಿನಗೇ ತಿನ್ನಿಸುತ್ತೇನೆ, ಒಪ್ಪಿಗೆಯೇ?"

ಅಜ್ಜಿಯ ಮಾತು ವಿಜ್ಞಾನಕ್ಕೆ ಸರಿಯಾದದ್ದೇ. ಬಿಸಿಯಾದ ರಾಳ ಮತ್ತು ಅದನ್ನು ಗಟ್ಟಿಮಾಡುವ ದ್ರವದ ಆವಿ ಒಲೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಒಮ್ಮೆ ಈ ಕೆಲಸಕ್ಕೆ ಹೋದ ಒಲೆ ಮತ್ತೆ ಅಡಿಗೆಗೆ ಬರಕೂಡದು. ಆ ದ್ರವ ಚರ್ಮಕ್ಕೆ ತಾಗುತ್ತಿದ್ದರೆ ಕೆಲವರಿಗೆ ಬಿಡದ ತುರಿಕೆ ಹತ್ತಿಕೊಳ್ಳುತ್ತದೆ, ಕೈಗವಸು ತೊಡಲೇಬೇಕು.

ಓಝರಿನ ಕಾರ್ಖಾನೆಯಲ್ಲಿ ಫಿಟ್ಟರಾಗಿ ದುಡಿದು ನಿವೃತ್ತರಾದ ಹುಡುಗನ ತಾತ ಇಷ್ಟು ಹೊತ್ತೂ ಸುಮ್ಮನೆ ಕೇಳುತ್ತ ಕುಳಿತಿದ್ದವರು, "ಬೇರೆ ಪೆಟ್ಟಿಗೆಯನ್ನೇ ಕಟ್ಟೋಣ ನಡಿ" ಎಂದು ಎದ್ದರು. ನಾಲ್ಕು ಅಡಿ ಉದ್ದ, ಎರಡೆರಡು ಅಡಿ ಅಗಲ-ಎತ್ತರ. ಹೊರಗೆ ಪ್ಲೈವುಡ್ಡು, ನಡುವೆ ಎರಡು ಅಂಗುಲದ ರಾಕ್‌ವೂಲ್, ಒಳಗೆ ತಗಡು. ಹುಡುಗ ಥರ್ಮೋಕೋಲ್ ಸಾಕೆಂದ. ಅದು ೮೦ ಡಿಗ್ರಿಯ ಆಸುಪಾಸಿನಲ್ಲೇ ಕುಗ್ಗತೊಡಗುವುದಲ್ಲದೆ ಬೆಂಕಿಯೂ ಹತ್ತಿಕೊಳ್ಳುತ್ತದೆಂದು ತಾತ ಒಪ್ಪಲಿಲ್ಲ. ಇಲ್ಲಿಯವರು ಭಂಗಾರ್ ಎನ್ನುವ ಹಳೆಯ ಸಾಮಾನಿನ ಅಂಗಡಿಯಿಂದ ಒಂದು ಸಾವಿರ ವಾಟಿನ ಹೀಟರು ಬಂತು. ಶಾಖವನ್ನು ಅಳೆದು ತಾನೇ ಹೀಟರನ್ನು ಹಾಕಿ ಆರಿಸುವ ನಿಯಂತ್ರಕವನ್ನು ಮಾತ್ರ ಹೊಸದಾಗಿ ಕೊಂಡರು. ಅದು ಕೈಕೊಟ್ಟರೂ ನೂರು ಡಿಗ್ರಿಯಲ್ಲಿ ವಿದ್ಯುತ್ತನ್ನು ಕಡಿದುಹಾಕುವ ಇನ್ನೊಂದು ಸಾಧನವನ್ನು ಪ್ರತ್ಯೇಕವಾಗಿ ಜೋಡಿಸಿದರು. ಒಳಗಿನ ತಂತಿಗೆ ಶಾಖ ತಡೆಯುವ ಹೊದಿಕೆ, ತಗಡಿಗೆ ಅರ್ಥಿಂಗ್. ಇದಿಷ್ಟಿಲ್ಲದೆ ಗುಂಡಿ ಒತ್ತಬೇಡಿರೆಂದು ತಾತನ ಅಪ್ಪಣೆ.

ಗುಮಾಸ್ತನ ಪ್ರವೇಶ ಇಲ್ಲಿ. "ರಾಯರೆ, ನಿಮಗೆ ಬರೆದಿಡುವ ಅಭ್ಯಾಸ ಇದೆಯಲ್ಲ, ಈ ಪೆಟ್ಟಿಗೆಯದೂ ಒಂದು ರಿಜಿಸ್ಟರ್ ಇಡಿ" ಎಂದು ತಾತ ನನ್ನನ್ನು ಕರೆದರು. ಖಾಲಿ ಪೆಟ್ಟಿಗೆಯನ್ನು ಕಾಯಿಸಿ, ನಾಲ್ಕು ಮೂಲೆಗಳ ಉಷ್ಣತೆಯನ್ನು ಹದಿನೈದು ನಿಮಿಷಕ್ಕೊಮ್ಮೆ ಗೆರೆ ಎಳೆದ ಹಾಳೆಯಲ್ಲಿ ಬರೆದೆವು. ನಿಯಂತ್ರಕ ೭೫ ಎಂದು ತೋರಿಸುತ್ತಿದ್ದಾಗ ಮೇಲಿನ ಮೂಲೆಯಲ್ಲಿ ೮೮, ಕೆಳಗಿನ ಮೂಲೆಯಲ್ಲಿ ೬೧! ಬಿಸಿಗಾಳಿ ಮೇಲೇರಿ ಅಲ್ಲೇ ಬೀಡುಬಿಟ್ಟಿತ್ತು. ಒಂದೇ ರೆಕ್ಕೆಯ ಒಂದು ತುದಿ ಬೆಂದು ಇನ್ನೊಂದು ತುದಿ ಹಸಿಯಾಗಿ ಉಳಿಯುವುದು ಹೀಗೆ. ಮರುದಿನ ಫ್ಯಾನೊಂದನ್ನು ಕೂರಿಸಿದರು. ಅದರ ಮೋಟಾರು ಬಿಸಿಯಲ್ಲಿ ಸುಟ್ಟುಹೋಗದಂತೆ ಪೆಟ್ಟಿಗೆಯ ಹೊರಗೆ, ಅಲಗುಗಳು ಮಾತ್ರ ಒಳಗೆ. ಮೂಲೆಗಳ ನಡುವಿನ ವ್ಯತ್ಯಾಸ ನಾಲ್ಕು ಡಿಗ್ರಿಗೆ ಇಳಿಯಿತು. ಕಾಯಿಸುವುದು ಸುಲಭ, ಸಮನಾಗಿ ಕಾಯಿಸುವುದೇ ಒಲೆಯ ವಿದ್ಯೆ ಎಂಬುದು ನನಗೆ ಆ ಹಾಳೆಯಲ್ಲಿ ಅಂಕೆಯಾಗಿ ಕಂಡಿತು.

ಹೊಸ ರೆಕ್ಕೆಗೆ ಮೊದಲು ಅಚ್ಚನ್ನೇ ಒಲೆಯಲ್ಲಿ ಹದಮಾಡಿದರು. ಅಚ್ಚು ಮೆತ್ತಗಾದರೆ ರೆಕ್ಕೆ ನೆಟ್ಟಗಿರುವುದೆಂತು? ಆಮೇಲೆ ಬಟ್ಟೆ-ರಾಳಗಳನ್ನು ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚು ಬಿಗಿದು, ಹಳೆಯ ಫ್ರಿಜ್ಜಿನ ಕಂಪ್ರೆಸರಿನಿಂದ ಒಳಗಿನ ಗಾಳಿಯನ್ನು ಎಳೆದರು. ಗಾಳಿ ಪೂರ್ತಿ ಹೋದರೆ ಹೊರಗಿನ ವಾತಾವರಣ ಒಂದೊಂದು ಚದರ ಅಡಿಯನ್ನೂ ಸುಮಾರು ೯೦೦ ಕಿಲೋ ಭಾರದಿಂದ ಒತ್ತುತ್ತದೆ. ಪುಕ್ಕಟೆಯಾಗಿ ಸಿಗುವ ಇಷ್ಟು ಒತ್ತಡ ಪುಟ್ಟ ರೆಕ್ಕೆಗೆ ಧಾರಾಳ. ರಾಳವನ್ನು ಅಗಲವಾದ ತಟ್ಟೆಯಲ್ಲಿ ಸ್ವಲ್ಪಸ್ವಲ್ಪವೇ ಕಲಸಬೇಕು. ಲೋಟದ ತುಂಬ ಕಲಸಿಟ್ಟರೆ ಅದು ತಾನೇ ಕಾದು, ಹೊಗೆಯಾಡಿ, ಲೋಟವನ್ನೂ ಕರಗಿಸೀತು. ರಾಳ ಗಟ್ಟಿಯಾಗುವಾಗ ಒಳಗಿನಿಂದಲೇ ಶಾಖ ಹುಟ್ಟುತ್ತದೆ. ಆದುದರಿಂದಲೇ ಹೊರಗಿನ ಶಾಖಕ್ಕೆ ಅವಸರ ಸಲ್ಲದು.

ಒಂದು ಹಗಲು ಒಂದು ರಾತ್ರಿ ಹಾಗೆಯೇ ಬಿಟ್ಟು, ಮರುದಿನ ಸಂಜೆ ಆರಕ್ಕೆ ಅಚ್ಚುಸಮೇತ ಪೆಟ್ಟಿಗೆಗೆ ಸೇರಿಸಿದೆವು. ಅರ್ಧ ಗಂಟೆಗೆ ಹತ್ತು ಡಿಗ್ರಿಯಂತೆ ೩೦ರಿಂದ ೮೦ಕ್ಕೆ ಏರಲು ಎಂಟೂವರೆ ಆಯಿತು. ಅಲ್ಲಿಂದ ಆರು ಗಂಟೆ ಕಾಲ ೮೦ರಲ್ಲಿಯೇ. ರಾತ್ರಿ ಎರಡೂವರೆಯವರೆಗೆ ತಾತ, ಮೊಮ್ಮಗ, ನಾನು ಮೂವರೂ ತಾರಸಿಯಲ್ಲಿ ಕುಳಿತು ಅಂಕೆ ಬರೆದೆವು. ಪೆಟ್ಟಿಗೆಯನ್ನು ಒಂಟಿಯಾಗಿ ಬಿಟ್ಟು ಮಲಗಕೂಡದೆಂಬುದು ಅಜ್ಜಿಯ ಷರತ್ತು, ಒಳ್ಳೆಯ ಷರತ್ತು. ಆರಿಸಿದ ಮೇಲೂ ಬಾಗಿಲು ತೆರೆಯಲಿಲ್ಲ. ಒಳಗಿನ ಉಷ್ಣತೆ ೪೦ಕ್ಕಿಂತ ಕೆಳಗಿಳಿದ ಮೇಲೆ ಬೆಳಿಗ್ಗೆ ತೆರೆದೆವು. ವಿದ್ಯುತ್ ಮೂರು ಯೂನಿಟ್ ಮೀರಲಿಲ್ಲ. ಪೆಟ್ಟಿಗೆಯ ಗೋಡೆ ಚೆನ್ನಾಗಿದ್ದರೆ ೮೦ ಡಿಗ್ರಿಯನ್ನು ಕಾಯ್ದುಕೊಳ್ಳಲು ಹಳೆಯ ಕಾಲದ ಎರಡು ನೂರು ವಾಟಿನ ಬಲ್ಬುಗಳು ಉರಿದಷ್ಟು ಶಕ್ತಿ ಸಾಕಾಗುತ್ತದೆ.

ಗಡಿಗೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ ತಾತ ನಾಣ್ಯದಿಂದ ರೆಕ್ಕೆಯನ್ನು ಉದ್ದಕ್ಕೂ ತಟ್ಟಿದರು. ಪದರಗಳು ಬಿಟ್ಟುಕೊಂಡ ಕಡೆ ಸದ್ದು ಮಂಕಾಗುತ್ತದೆ, ಎಲ್ಲಿಯೂ ಮಂಕಾಗಲಿಲ್ಲ. ಅದರ ಜೊತೆಗೇ ಮಾಡಿದ ಎರಡು ಪಟ್ಟಿಗಳಲ್ಲಿ ಒಂದನ್ನು ಒಲೆಯಲ್ಲಿಟ್ಟು ಇನ್ನೊಂದನ್ನು ಇಡದೆ, ಎರಡಕ್ಕೂ ಕಪ್ಪು ಬಳಿದು, ಅರ್ಧ ಕಿಲೋ ಬಟ್ಟು ತೂಗಹಾಕಿ ಬಿಸಿಲಿಗೆ ಒಡ್ಡಿದರು. ಒಲೆ ಕಾಣದ ಪಟ್ಟಿ ಮಧ್ಯಾಹ್ನದ ಹೊತ್ತಿಗೆ ಬಾಗಿತು. ಒಲೆಯಿಂದ ಬಂದದ್ದು ನೆಟ್ಟಗೆ ನಿಂತಿತು.

ಇದನ್ನು ಓದಿ ಉತ್ಸಾಹಗೊಳ್ಳುವ ತರುಣರಿಗೆ ಎರಡು ಮಾತು. ಈ ಪೆಟ್ಟಿಗೆ ನೂರು ಡಿಗ್ರಿಯೊಳಗಿನ ಕೆಲಸಕ್ಕೆ ಮಾತ್ರ. ೧೮೦ ಡಿಗ್ರಿಯ ಆಸೆಗೆ ಪ್ಲೈವುಡ್ಡಿನ ಪೆಟ್ಟಿಗೆಯನ್ನು ಒಡ್ಡಬೇಡಿ. ಎರಡನೆಯದಾಗಿ, ಒಲೆಯೊಳಗೆ ಗಾಳಿಯ ಒತ್ತಡ ಕೂಡಿಸುವ ಯೋಚನೆಯನ್ನೇ ಮಾಡಬೇಡಿ. ನಮ್ಮ ಕುಕ್ಕರಿನೊಳಗೆ ಹೊರಗಿಗಿಂತ ಹೆಚ್ಚಾಗಿರುವುದು ಒಂದು ವಾಯುಭಾರದಷ್ಟು ಒತ್ತಡ. ಅದು ಸಿಡಿದರೇ ಮನೆಯ ಸೂರು ನೋಡುವಂತಿರುವುದಿಲ್ಲ. ಏಳು ವಾಯುಭಾರವೆಂದರೆ ಎರಡಡಿ ಚೌಕದ ಬಾಗಿಲಿನ ಮೇಲೆ ೨೬ ಟನ್ ತಳ್ಳಾಟ. ಆ ಕೆಲಸ ಆಟೋಕ್ಲೇವ್ ಕಟ್ಟಬಲ್ಲ ಕಾರ್ಖಾನೆಗಳದ್ದು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬುದು ನಮ್ಮ ಗಾದೆ. ಕಾರ್ಖಾನೆಯ ಸಂಗಡ ಊರು ಬಿಟ್ಟು ಬಂದ ನಮ್ಮ ಹಿರಿಯರ ಕೈಯಲ್ಲಿ ಅಂಥ ಎಷ್ಟೋ ವರುಷಗಳ ವಿದ್ಯೆ ಇದೆ. ಅವರು ಅದನ್ನು ಬರೆದಿಟ್ಟಿಲ್ಲ, ನಾವು ಕೇಳಿಲ್ಲ. ಮಕ್ಕಳಾದರೋ ಪರದೆಯ ಮುಂದೆ ಕುಳಿತು ಬೇರೆ ದಾರಿ ಹಿಡಿದಿದ್ದಾರೆ. ಬರುವ ರಜೆಯಲ್ಲಿ ಮನೆಗೊಬ್ಬ ಹುಡುಗನೋ ಹುಡುಗಿಯೋ ತಾತನ ಪಕ್ಕದಲ್ಲಿ ಕುಳಿತು ಏನಾದರೊಂದು ವಸ್ತುವನ್ನು ಕೈಯಾರೆ ಮಾಡಲಿ. ಪಕ್ಕದಲ್ಲಿ ಒಂದು ನೋಟುಪುಸ್ತಕವೂ ಇರಲಿ. ಬರೆದುಕೊಡುವವರು ಯಾರೂ ಸಿಗದಿದ್ದರೆ ನನಗೆ ಹೇಳಿಕಳುಹಿಸಿ. ಆದಿತ್ಯವಾರ ನಮ್ಮ ಕಚೇರಿಗೆ ರಜೆ.