ಗಿಡ ಕೊಳ್ಳುವ ಮುನ್ನ ಅದರ ತವರನ್ನು ವಿಚಾರಿಸಿ

ಮನೆಯೊಳಗೊಂದು ಹಸಿರು ಕುಂಡವಿರಬೇಕೆಂಬ ಬಯಕೆ ನಗರಗಳನ್ನು ದಾಟಿ ಸಣ್ಣ ಪಟ್ಟಣಗಳನ್ನೂ ತಲುಪಿದೆ. ಬಯಕೆ ಸಾಧುವಾದುದೇ. ಆದರೆ ಎಲೆಯ ಅಂದವನ್ನಷ್ಟೇ ನೋಡಿ ಗಿಡ ಕೊಂಡು, ಅದರ ತವರು ಯಾವುದು, ಅದಕ್ಕೆ ಬೇಕಾದುದೇನು ಎಂದು ವಿಚಾರಿಸದಿರುವುದು ಸಾಧುವಲ್ಲ. ಇದು ಬಯಲುಸೀಮೆಯವರ ಚಿಂತೆ ಮಾತ್ರವಲ್ಲ, ಮಲೆನಾಡಿನ ನಮ್ಮದೂ ಹೌದು.

ತೆಕ್ಕಲಕೋಟೆಯನ್ನೇ ನೋಡೋಣ. ಸಿರುಗುಪ್ಪ ತಾಲ್ಲೂಕಿನ ಈ ಪಟ್ಟಣದ ಸುತ್ತ ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ತೂಗುತ್ತದೆ. ಆ ಹಸಿರನ್ನು ಕಂಡವರು ಇಲ್ಲಿ ಏನು ನೆಟ್ಟರೂ ಬೆಳೆದೀತೆಂದು ಭ್ರಮಿಸಬಹುದು. ಆದರೆ ಕಾಲುವೆ ನೆಲಕ್ಕೆ ನೀರುಣಿಸಿದೆಯೇ ಹೊರತು ಬೇಸಗೆಯ ಗಾಳಿಯನ್ನು ಮಲೆನಾಡಿನ ಗಾಳಿಯಾಗಿಸಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ. ಇಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಮೀರುತ್ತದೆ. ಇಂಥಲ್ಲಿ ತೇವದ ಗಾಳಿಯನ್ನು ಬಯಸುವ ಆಂಥೂರಿಯಂ ಇಟ್ಟರೆ ಎಲೆಯ ಅಂಚು ಸುಡುತ್ತದೆ. ಬಾಯಾರಿದೆಯೆಂದು ಮನೆಯವರು ಮತ್ತೆ ಮತ್ತೆ ನೀರೆರೆಯುತ್ತಾರೆ. ಕುಂಡದಲ್ಲಿರುವುದು ಎರೆಮಣ್ಣಾದರೆ ಅದು ನೀರುಂಡು ಹಿಗ್ಗಿ, ಬೇರಿಗೆ ಗಾಳಿ ಸಿಗದಂತೆ ಮಾಡುತ್ತದೆ. ತಲೆ ಒಣಗಿ, ಕಾಲು ಕೊಳೆತು ಗಿಡ ಸಾಯುತ್ತದೆ. ಆರೈಕೆ ಕಡಿಮೆಯಾಗಿ ಅಲ್ಲ, ಅರಿವು ಕಡಿಮೆಯಾಗಿ.

ಇನ್ನು ಸೀತಾಳೆ ದಂಡೆಯಂಥ ಆರ್ಕಿಡ್‌ಗಳ ಮಾತು. ಇವು ಮರದ ತೊಗಟೆಗೆ ಅಂಟಿ, ಮಳೆ-ಮಂಜಿನ ತೇವವನ್ನು ಬೇರಿನ ಹೊದಿಕೆಯಿಂದಲೇ ಹೀರಿ ಬದುಕುವಂಥವು. ಕಾಡಿನ ಮರದಿಂದ ಕಿತ್ತು ಒಣಹವೆಯ ಊರಿಗೆ ಮಾರಿದರೆ, ಕೊಂಡವರಿಗೆ ಒಣಗಿದ ಬೇರು, ಕಾಡಿಗೆ ಬರಿದಾದ ಕೊಂಬೆ. ಇಬ್ಬರಿಗೂ ನಷ್ಟವಾಗುವ ಈ ವ್ಯಾಪಾರವನ್ನು ತಡೆಯಬೇಕಾದವರು ಬೆಟ್ಟದಲ್ಲಿರುವ ನಾವೇ.

ಒಳಾಂಗಣ ಗಿಡಗಳು ಗಾಳಿಯನ್ನು ಶುದ್ಧಗೊಳಿಸುತ್ತವೆಂಬ ಪ್ರಚಾರವೂ ಕೊಳ್ಳುವವರನ್ನು ಅವಸರಕ್ಕೆ ದೂಡುತ್ತದೆ. ಇದಕ್ಕೆ ಮೂಲವಾದ 1989ರ ನಾಸಾ ಅಧ್ಯಯನ ನಡೆದುದು ಮುಚ್ಚಿದ ಸಣ್ಣ ಕೋಶಗಳಲ್ಲಿ. ಅಂಥ ಪ್ರಯೋಗಗಳನ್ನು ಮರುಪರಿಶೀಲಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಕಟ್ಟಡದ ಸಹಜ ಗಾಳಿಯಾಟ ಮಾಡುವಷ್ಟು ಕೆಲಸಕ್ಕೆ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕು. ಅದಕ್ಕಿಂತ ಕಿಟಕಿ ತೆರೆಯುವುದು ಲೇಸು.

ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963-65ರಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನ ನವಶಿಲಾಯುಗದ ಜನವಸತಿಯನ್ನು ಬೆಳಕಿಗೆ ತಂದಿತು. ದಕ್ಷಿಣ ಭಾರತದ ಆ ಕಾಲದ ನೆಲೆಗಳಲ್ಲಿ ದೊರೆತಿರುವ ಕಾಳುಗಳು ಹುರುಳಿ, ಹೆಸರು, ಕಿರುಧಾನ್ಯಗಳು. ಕಡಿಮೆ ನೀರಿನಲ್ಲಿ ಬಾಳುವಂಥವು. ನೆಲದ ಗುಣವರಿತು ಆರಿಸುವ ವಿವೇಕ ಈ ಸೀಮೆಗೆ ಹೊಸತಲ್ಲ. ಅದೇ ವಿವೇಕ ಕುಂಡಕ್ಕೂ ಸಲ್ಲಬೇಕು. ಕಿಟಕಿಯ ಬಳಿ ಲೋಳೆಸರ, ಮಂದ ಬೆಳಕಿನ ಪಡಸಾಲೆಯಲ್ಲಿ ಸ್ನೇಕ್ ಪ್ಲಾಂಟ್, ಅಂಗಳದಲ್ಲಿ ತುಳಸಿ: ಇವು ಬಿರುಬೇಸಗೆಯನ್ನೂ ತಾಳಿಯಾವು.

ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ. ಇದರ ತವರು ಯಾವುದು? ಎಷ್ಟು ಬೆಳಕು ಬೇಕು? ಎಷ್ಟು ದಿನಕ್ಕೊಮ್ಮೆ ನೀರು? ಪೂರ್ಣ ಬೆಳೆದಾಗ ಎಷ್ಟೆತ್ತರ? ಮಕ್ಕಳು, ದನಕರುಗಳು ಬಾಯಿಗೆ ಹಾಕಿದರೆ ಅಪಾಯವೇ? ಡಿಫೆನ್‌ಬಾಕಿಯಾದ ಎಲೆಯಲ್ಲಿನ ಆಕ್ಸಲೇಟ್ ಹರಳುಗಳು ಬಾಯಿಯನ್ನು ಉರಿಸಿ ಊದಿಸುತ್ತವೆಂಬುದು ಎಷ್ಟು ಮನೆಗಳಿಗೆ ಗೊತ್ತು? ನರ್ಸರಿಯವರು ಇಷ್ಟನ್ನು ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಬರೆದು ಕುಂಡಕ್ಕೆ ಕಟ್ಟಲಿ. ನಮ್ಮ ಬೆಟ್ಟದ ನರ್ಸರಿಗಳು ಈ ಕೆಲಸಕ್ಕೆ ಮೊದಲಾಗಲಿ. ಕಾಡಿನಿಂದ ಕಿತ್ತುದನ್ನು ಮಾರುವುದಿಲ್ಲವೆಂದೂ ಆ ಚೀಟಿಯಲ್ಲಿ ಬರೆಯಲಿ. ಉತ್ತರ ಸಿಗದ ಗಿಡವನ್ನು ಅಂಗಡಿಯಲ್ಲೇ ಬಿಟ್ಟು ಬರುವುದೂ ಪರಿಸರ ಪ್ರೀತಿಯೇ.