ಮದುವೆ ಆದ್ಮೇಲೆ ನೋಡೋಣ

ಸೀಳು ತುಟಿಯ ಮಗು ಹುಟ್ಟಿದರೆ ನಮ್ಮ ಕಡೆ ಮೊದಲು ಕೇಳೋದು, ‘ಗ್ರಹಣದ ದಿನ ಹೊರಗೆ ಬಂದಿದ್ಯೇನಮ್ಮಾ?’ ಬೆನ್ನ ಮೇಲೆ ಗಂಟು ಹೊತ್ತು ಹುಟ್ಟಿದರೆ ಪೂರ್ವಜನ್ಮದ ಕರ್ಮ. ಎರಡರಲ್ಲೂ ಸಿಕ್ಕಿಬೀಳುವವಳು ತಾಯಿ. ಆಕೆ ಎಷ್ಟು ವರ್ಷದಿಂದ ಯಾವ ಮಾತ್ರೆ ನುಂಗುತ್ತಿದ್ದಳು, ಬರೆದುಕೊಟ್ಟವರು ಏನು ಹೇಳಿದ್ದರು ಅಂತ ಕೇಳುವವರು ಕಡಿಮೆ.

ಎಲ್ಲ ಊನಕ್ಕೂ ಮಾತ್ರೆಯೇ ಕಾರಣ ಅಂತ ನಾನು ಹೇಳ್ತಿಲ್ಲ. ಬಹಳಷ್ಟು ಸಲ ಕಾರಣವೇ ಸಿಗುವುದಿಲ್ಲ. ಆದರೆ ಒಂದು ಮಾತ್ರೆಯ ವಿಷಯದಲ್ಲಿ ಅನುಮಾನ ಉಳಿದಿಲ್ಲ: ಸೋಡಿಯಂ ವಾಲ್ಪ್ರೊಯೇಟ್. ಅಗ್ಗದ್ದು, ಫಿಟ್ಸ್‌ಗೆ ಚೆನ್ನಾಗಿ ಕೆಲಸ ಮಾಡುತ್ತೆ. ಬೈಪೋಲಾರ್ ಕಾಯಿಲೆಗೂ ಕೊಡುತ್ತಾರೆ, ಮೈಗ್ರೇನ್ ತಲೆನೋವಿಗೂ ಕೊಡುತ್ತಾರೆ. ಸಾಮಾನ್ಯವಾಗಿ 100 ಮಕ್ಕಳಲ್ಲಿ 2–3 ಮಕ್ಕಳಿಗೆ ಹುಟ್ಟಿನಿಂದಲೇ ದೊಡ್ಡ ಊನ ಇರುತ್ತದೆ. ಗರ್ಭಿಣಿ ಈ ಮಾತ್ರೆ ತಗೊಂಡಿದ್ದರೆ ಅದು ಸುಮಾರು 10ಕ್ಕೆ ಏರುತ್ತದೆ. ಬೆನ್ನುಹುರಿ ಮುಚ್ಚಿಕೊಳ್ಳದ ಸ್ಪೈನಾ ಬೈಫಿಡಾ, ಸೀಳು ಅಂಗುಳ, ಹೃದಯದ ತೊಂದರೆ. ಅದಲ್ಲದೆ 100ಕ್ಕೆ 30ರಿಂದ 40 ಮಕ್ಕಳಲ್ಲಿ ನಡಿಗೆ, ಮಾತು, ಕಲಿಕೆ ಹಿಂದೆ ಬೀಳುತ್ತವೆ. ಡೋಸ್ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಇದೇನು ನಿನ್ನೆ ಮೊನ್ನೆ ಗೊತ್ತಾದದ್ದಲ್ಲ. ಫ್ರಾನ್ಸಿನ ಲಿಯಾನ್‌ನಿಂದ ಸ್ಪೈನಾ ಬೈಫಿಡಾದ ಎಚ್ಚರಿಕೆ ಬಂದದ್ದು 1982ರಲ್ಲಿ!

‘ಬಸುರಾದರೆ ವೈದ್ಯರಿಗೆ ತಿಳಿಸಿ’ ಅಂತ ಬರೆದಿರುತ್ತೆ ಅಲ್ವಾ ಅನ್ನುವವರು ಸ್ವಲ್ಪ ಕ್ಯಾಲೆಂಡರ್ ನೋಡಲಿ. ಮುಟ್ಟು ತಪ್ಪಿದ್ದು ಗೊತ್ತಾಗುವ ಹೊತ್ತಿಗೇ ಗರ್ಭ ಕಟ್ಟಿ ಎರಡು ವಾರ ಆಗಿರುತ್ತದೆ. ಮಗುವಿನ ಮಿದುಳು, ಬೆನ್ನುಹುರಿ ಆಗಬೇಕಾದ ಕೊಳವೆ ಸುಮಾರು 28ನೇ ದಿನಕ್ಕೆ ಮುಚ್ಚಿಕೊಳ್ಳಬೇಕು. ಉಳಿದದ್ದು ಎರಡೇ ವಾರ. ‘ಇನ್ನೊಂದು ತಿಂಗಳು ನೋಡೋಣ ತಡಿ’ ಅಂತ ಅತ್ತೆ ಹೇಳಿ, ಆಮೇಲೆ ಆಶಾ ಕಾರ್ಯಕರ್ತೆ ಬಂದು ತಾಯಿ ಕಾರ್ಡ್ ಮಾಡಿಸುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿರುತ್ತದೆ. ಆಗ ಕೊಡುವ ಫೋಲಿಕ್ ಆಸಿಡ್ ಆ ಕೊಳವೆಯನ್ನು ಮತ್ತೆ ಮುಚ್ಚುವುದಿಲ್ಲ ಸ್ವಾಮಿ.

ಇನ್ನು ಆ ಬರಹವಾದರೂ ಎಷ್ಟು ಜನರ ಕೈಗೆ ತಲುಪುತ್ತದೆ? ನಮ್ಮ ಮೆಡಿಕಲ್ ಶಾಪಿನಲ್ಲಿ ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕತ್ತರಿಸಿ ಆರು ಮಾತ್ರೆ ಕೊಡುತ್ತಾರೆ. ಎಚ್ಚರಿಕೆ ಇದ್ದ ಡಬ್ಬ, ಚೀಟಿ ಎರಡೂ ಅಂಗಡಿಯಲ್ಲೇ ಉಳಿಯುತ್ತವೆ. ಬ್ರಿಟನ್ನಿನಲ್ಲಿ 1973ರಲ್ಲೇ ಔಷಧ ಸುರಕ್ಷತಾ ಸಮಿತಿಯವರು ಇಂಥ ಮಾತ್ರೆಗಳ ಅಪಾಯವನ್ನು ವೈದ್ಯರಿಗೆ ಹೇಳೋಣ, ರೋಗಿ ಓದುವ ಚೀಟಿಯಲ್ಲಿ ಬೇಡ ಅಂದುಕೊಂಡಿದ್ದರು. ಆ ಮೌನದಿಂದ ಎಷ್ಟು ಕುಟುಂಬಗಳು ನಲುಗಿದವು ಎಂಬುದನ್ನು 2020ರ ಕಂಬರ್ಲೆಜ್ ವರದಿ ಬಿಚ್ಚಿಟ್ಟಿತು. ಅವರು ಬೇಕಂತಲೇ ಮುಚ್ಚಿಟ್ಟರು. ನಮಗೆ ಕತ್ತರಿಯೇ ಸಾಕು.

ನಮ್ಮ ಮೌನಕ್ಕೆ ಇನ್ನೊಂದು ಬೇರೂ ಇದೆ. ಹದಿನಾರರ ಹುಡುಗಿಗೆ ಫಿಟ್ಸ್ ಬಂದರೆ ಮನೆಯವರ ಮೊದಲ ಚಿಂತೆ, ಊರಿಗೆ ಗೊತ್ತಾಗಬಾರದು. ಹಿಂದೂ ವಿವಾಹ ಕಾಯ್ದೆಯೂ 1999ರವರೆಗೆ ಮೂರ್ಛೆರೋಗವನ್ನು ಮದುವೆಗೆ ಅಡ್ಡಿ ಎಂದೇ ಪಟ್ಟಿಯಲ್ಲಿ ಇಟ್ಟುಕೊಂಡಿತ್ತು. ಕಾಯ್ದೆಯಿಂದ ಪದ ಹೋಯಿತು, ಮನೆಗಳಿಂದ ಹೋಗಲಿಲ್ಲ. ಹುಡುಗಿ ಕದ್ದು ನುಂಗುತ್ತಾ ಗಂಡನ ಮನೆಗೆ ಹೋಗುತ್ತಾಳೆ. ಡಾಕ್ಟರು ಮದುವೆಯಾಗದ ಹುಡುಗಿಯ ಮುಂದೆ, ಅದೂ ಅಪ್ಪ ಪಕ್ಕದಲ್ಲಿ ಕೂತಿರುವಾಗ, ಬಸುರಿನ ಮಾತು ಹೇಗೆ ಎತ್ತೋದು ಅಂತ ಮುಜುಗರಪಟ್ಟು ‘ಮದುವೆ ಆದ್ಮೇಲೆ ನೋಡೋಣ’ ಅಂತಾರೆ. ಆದ್ಮೇಲೆ ಆ ಹುಡುಗಿ ಅವರ ಹತ್ತಿರ ವಾಪಸ್ ಬರ್ತಾಳಾ?

ಹೇಳಿದರೆ ಹೆದರಿ ಮಾತ್ರೆ ಬಿಟ್ಟುಬಿಡ್ತಾರೆ ಅನ್ನುವ ವಾದವೊಂದಿದೆ. ಆ ಭಯ ಸುಳ್ಳಲ್ಲ. ಫಿಟ್ಸ್ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಇದನ್ನು ಓದಿ ಯಾರೂ ಇವತ್ತು ರಾತ್ರಿಯ ಮಾತ್ರೆ ತಪ್ಪಿಸಬೇಡಿ, ಡಾಕ್ಟರನ್ನು ಕೇಳಿ. ಆದರೆ ಈ ವಾದ ಹೇಳದೇ ಇರುವುದಕ್ಕೆ ಕಾರಣವಾಗೋದು ಹೇಗೆ? ವಾಲ್ಪ್ರೊಯೇಟ್ ಇಳಿಸಿ ಲೆವೆಟಿರಾಸಿಟಾಮ್ ಅಥವಾ ಲ್ಯಾಮೋಟ್ರಿಜಿನ್‌ನಂಥ, ಗರ್ಭಕ್ಕೆ ಅಪಾಯ ಬಹಳ ಕಡಿಮೆ ಇರುವ ಮಾತ್ರೆಗೆ ಬದಲಾಯಿಸೋದಕ್ಕೆ ತಿಂಗಳುಗಳೇ ಬೇಕು. ಅದಕ್ಕೇ ಮೊದಲೇ ಹೇಳಬೇಕು. ಕೆಲವರಿಗೆ ವಾಲ್ಪ್ರೊಯೇಟ್ ಬಿಟ್ಟು ಬೇರೇನೂ ಹಿಡಿಸುವುದಿಲ್ಲ. ಅವರೂ ಅದನ್ನು ತಿಳಿದೇ ನಿರ್ಧರಿಸಲಿ.

ಪಕ್ಕದ ತಿರುವನಂತಪುರದಲ್ಲಿ ಶ್ರೀ ಚಿತ್ರಾ ಸಂಸ್ಥೆಯವರು 1998ರಿಂದ ಫಿಟ್ಸ್ ಇರುವ ಹೆಣ್ಣುಮಕ್ಕಳ ಬಸುರು, ಹೆರಿಗೆಗಳನ್ನು ದಾಖಲಿಸುತ್ತಾ ಬಂದಿದ್ದಾರೆ. ‘ನಮ್ಮ ಜನಕ್ಕೆ ಇವೆಲ್ಲ ಆಗಲ್ಲ’ ಅನ್ನುವ ನೆಪ ಅಲ್ಲಿಗೆ ಮುಗಿಯಿತು. ತಾಲೂಕು ಆಸ್ಪತ್ರೆಯ ಚೀಟಿಯಲ್ಲಿ ವಾಲ್ಪ್ರೊಯೇಟ್ ಬರೆಯುವ ಮೊದಲು ಡಾಕ್ಟರು ಅಪ್ಪನನ್ನು ಎರಡು ನಿಮಿಷ ಹೊರಗೆ ಕೂರಿಸಿ, ಆ ಹುಡುಗಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ, ಹೇಳಿದ್ದೇನೆ ಅಂತ ಅದೇ ಚೀಟಿಯಲ್ಲಿ ಬರೆದು ಸಹಿ ಹಾಕಲಿ. ಇದಕ್ಕೆ ಯಾವ ಬಜೆಟ್ ಬೇಕು?